ಅಬ್ಬೆ, ಮತಿ, ಲೆ: ಹಳಗನ್ನಡದ ಹೆಣ್ಣುಹೆಸರುಗಳು ಮತ್ತು ಅರ್ಥದ ಪ್ರಶ್ನೆ

ಹೊರನಾಡುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಹೆಣ್ಣುಮಗುವಿಗೆ ಅಪರೂಪದ ಹೆಸರನ್ನು ಅರಸುವಾಗ ಈಚೆಗೆ ಶಾಸನಗಳತ್ತಲೂ ಹಳಗನ್ನಡ ಕಾವ್ಯಗಳತ್ತಲೂ ತಿರುಗುತ್ತಿವೆ. ಸಂಸ್ಕೃತದ ಬಳಕೆಯ ಹೆಸರುಗಳು ಭಾರತದ ಎಲ್ಲ ಭಾಷೆಗಳವರಿಗೂ ಸಮಾನವಾದುದರಿಂದ, ಕನ್ನಡಕ್ಕೇ ಸೇರಿದ್ದು ಎನ್ನಬಹುದಾದ ಹೆಸರು ಬೇಕೆಂಬ ಬಯಕೆ ಸಹಜವಾದುದೇ. ತೊಡಕು ಬರುವುದು ಹೆಸರಿನ ಎದುರಿಗೆ ಅರ್ಥವೆಂಬ ಅಂಕಣವನ್ನು ತುಂಬುವಲ್ಲಿ. ಹೆಸರಿನ ಪಟ್ಟಿಗಳು ಪ್ರತಿಯೊಂದಕ್ಕೂ ಒಂದು ಸುಂದರ ವಿಶೇಷಣವನ್ನು ನಿರೀಕ್ಷಿಸುತ್ತವೆ: ಶಾಂತೆ, ತೇಜಸ್ವಿನಿ, ಕಮಲದಂಥವಳು. ಹತ್ತನೆಯ ಶತಮಾನದ ಕನ್ನಡ ನಾಡಿನ ಹೆಣ್ಣುಹೆಸರುಗಳಲ್ಲಿ ಹೆಚ್ಚಿನವು ಈ ನಿರೀಕ್ಷೆಗೆ ಒಗ್ಗುವುದಿಲ್ಲ. ಅವು ರಚನೆಯಾದ ಬಗೆಯೇ ಬೇರೆ. ಆ ಬಗೆಯನ್ನು ಅರಿಯದೆ ಕೊಟ್ಟ ಅರ್ಥ, ನಿಘಂಟಿನಲ್ಲಿ ಸದ್ದು ಹೋಲುವ ಪದವೊಂದನ್ನು ಹುಡುಕಿ ತಂದು ಹಚ್ಚಿದಂತಾಗುತ್ತದೆ.

ಅತ್ತಿಮಬ್ಬೆಯಿಂದಲೇ ತೊಡಗಬಹುದು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದವಳು, ದಾನಚಿಂತಾಮಣಿ ಎಂಬ ಬಿರುದನ್ನು ಪಡೆದವಳು. ಅವಳ ಹೆಸರನ್ನು ಬಿಡಿಸಿದರೆ ಅತ್ತಿಮ, ಅಬ್ಬೆ ಎಂಬ ಎರಡು ಭಾಗಗಳು ದೊರೆಯುತ್ತವೆ. ಅಬ್ಬೆ ಎಂದರೆ ತಾಯಿ. ಹೆಸರಿನ ಕೊನೆಯಲ್ಲಿ ಬಂದಾಗ ಅದು ಗೌರವಸೂಚಕ. ಉಳಿದ ಅತ್ತಿ ಎಂಬುದನ್ನು ಅತ್ತಿಯ ಮರಕ್ಕೆ ಜೋಡಿಸುವ ವಾಡಿಕೆಯುಂಟು. ಸದ್ದು ಹೋಲುತ್ತದೆ, ನಿಜ. ಆದರೆ ಸದ್ದಿನ ಹೋಲಿಕೆಯೊಂದೇ ನಿರುಕ್ತಿಯಾಗದು. ಅದಕ್ಕಿಂತ ಹೆಚ್ಚು ತಿಳಿವು ಕೊಡುವುದು ಅವಳ ಮನೆಯವರ ಹೆಸರುಗಳೇ. ತಂಗಿ ಗುಂಡಮಬ್ಬೆ, ಅಜ್ಜ ನಾಗಮಯ್ಯ, ಚಿಕ್ಕಪ್ಪ ಪೊನ್ನಮಯ್ಯ. ಗುಂಡಮ, ಅತ್ತಿಮ, ನಾಗಮ, ಪೊನ್ನಮ ಎಂದು ನಡುವೆ ಮಕಾರವಿರುವ ಪ್ರಕೃತಿಗಳು. ಗಂಡಸಾದರೆ ಅಯ್ಯ, ಹೆಂಗಸಾದರೆ ಅಬ್ಬೆ. ಪ್ರಕೃತಿಗೆ ತನ್ನದೇ ಲಿಂಗವಿಲ್ಲ. ಲಿಂಗವನ್ನೂ ಗೌರವವನ್ನೂ ಹೊತ್ತು ತರುವುದು ಕೊನೆಯ ಬಂಧುವಾಚಕ. ಅತ್ತಿಮಬ್ಬೆಯ ಹೆಸರು ಏನನ್ನು ಹೇಳುತ್ತದೆ ಎಂದು ಕೇಳಿದರೆ, ಅವಳು ಆ ಮನೆತನದ ಹೆಸರಿಡುವ ಪದ್ಧತಿಗೆ ಸೇರಿದವಳು, ಗೌರವಕ್ಕೆ ಅರ್ಹಳಾದ ಹೆಂಗಸು ಎಂಬುದೇ ಮೊದಲ ಉತ್ತರ.

ಅಬ್ಬೆ ಎಂಬ ಪದವು ಹೆಸರಿನ ಬಾಲವಾಗಿ ಮಾತ್ರವಲ್ಲದೆ ತಲೆಯಾಗಿಯೂ ಬರುತ್ತದೆ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಿಂದ ತಿಳಿಯುವಂತೆ ಆ ಸೋದರರ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ. ಗಂಗರ ಬೂತುಗನನ್ನು ಮದುವೆಯಾದ ಅಮೋಘವರ್ಷನ ಮಗಳು ಚಂದ್ರೊಬ್ಬಲಬ್ಬೆ. ಒಂದು ಬ್ರಾಹ್ಮಣಮೂಲದ ಜೈನ ಮನೆ, ಒಂದು ಬಳೆಗಾರರ ಮನೆ, ಒಂದು ಚಕ್ರವರ್ತಿಯ ಮನೆ: ಮೂರೂ ಕಡೆ ಅಬ್ಬ ಎಂಬುದೇ ಪ್ರಕೃತಿ, ಅಬ್ಬೆ ಎಂಬುದೇ ಗೌರವಸೂಚಕ. ತಾಯಿ ಎಂಬ ಮಾತಿಗೆ ತಾಯಿ ಎಂಬ ಮಾತನ್ನೇ ಸೇರಿಸಿದಂತೆ ಕಾಣುವ ಈ ಹೆಸರನ್ನು ಇಂದಿನ ಪಟ್ಟಿಯೊಂದರಲ್ಲಿ ಹೇಗೆ ವಿವರಿಸಬೇಕು? ಆದರೂ ಕನ್ನಡಿಗರ ಕಿವಿಗೆ ಇದು ಹೊಸತಲ್ಲ. ಅಕ್ಕಮ್ಮ, ಅವ್ವಕ್ಕ, ಅಮ್ಮಣ್ಣಿ ಮುಂತಾದ ಹೆಸರುಗಳಲ್ಲಿ ಎರಡೂ ಭಾಗ ಬಂಧುವಾಚಕಗಳೇ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರೂ ಅಂಥದೇ: ಅಬ್ಬ, ಅಕ್ಕ. ಅವಳ ಶೌರ್ಯವನ್ನು ನೆನೆದು ಮಗಳಿಗೆ ಆ ಹೆಸರಿಡುವುದು ಯೋಗ್ಯವೇ. ಶೌರ್ಯವೇ ಆ ಪದದ ಅರ್ಥ ಎಂದು ಬರೆದುಕೊಳ್ಳುವುದು ಮಾತ್ರ ಸಲ್ಲದು.

ಅಬ್ಬೆ ಮುಂದೆ ಅವ್ವೆಯಾಯಿತು, ಅವ್ವೆ ಅವ್ವವಾಯಿತು. ಹನ್ನೆರಡನೆಯ ಶತಮಾನದ ವಚನಕಾರ್ತಿಯರಾದ ಸಂಕವ್ವೆ, ಗೊಗ್ಗವ್ವೆ, ರೆಮ್ಮವ್ವೆಯರ ಹೆಸರುಗಳು ಈ ನಡುವಿನ ಹಂತವನ್ನು ತೋರಿಸುತ್ತವೆ. ಉತ್ತರ ಕರ್ನಾಟಕದ ಯಲ್ಲವ್ವ, ನೀಲವ್ವಗಳು ಅದೇ ಸಾಲಿನ ಇಂದಿನ ರೂಪಗಳು. ಅತ್ತಿಮಬ್ಬೆ ಎಂಬುದು ಚರಿತ್ರೆಯ ಘನತೆಯಿಂದ ಕೂಡಿದ ಹೆಸರು, ಯಲ್ಲವ್ವ ಎಂಬುದು ಹಳ್ಳಿಗಾಡಿನ ಹೆಸರು ಎಂಬ ಭೇದಭಾವವನ್ನು ಭಾಷೆಯ ಇತಿಹಾಸ ಒಪ್ಪುವುದಿಲ್ಲ.

ಇನ್ನು ಪ್ರಕೃತಿಗಳ ಮಾತು. ಇವುಗಳಲ್ಲಿ ಒಂದು ದೊಡ್ಡ ಗುಂಪು ತದ್ಭವಗಳದು. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವರಿಸುವ ಬಗೆಯ ಮಾರ್ಪಾಟುಗಳನ್ನು ಹೆಣ್ಣುಹೆಸರುಗಳಲ್ಲಿ ಒಂದೊಂದಾಗಿ ಎಣಿಸಬಹುದು. ಯಕ್ಷಿ ಜಕ್ಕಿಯಾಗುತ್ತದೆ, ಲಕ್ಷ್ಮಿ ಲಕ್ಕಿಯೂ ಲಚ್ಚಿಯೂ ಆಗುತ್ತದೆ, ದುರ್ಗೆ ದುಗ್ಗವಾಗುತ್ತದೆ, ಬ್ರಹ್ಮ ಬಮ್ಮನಾಗುತ್ತದೆ, ಚಂದ್ರ ಚಂದವಾಗುತ್ತದೆ. ಜೇಡರ ದಾಸಿಮಯ್ಯನ ಹೆಂಡತಿ ದುಗ್ಗಳೆ, ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮ, ಹೊಯ್ಸಳ ಅರಮನೆಯ ಬಮ್ಮಲದೇವಿ ಇವರೆಲ್ಲರೂ ಈ ಗುಂಪಿನವರು. ಆರನೆಯ ವಿಕ್ರಮಾದಿತ್ಯನ ರಾಣಿಯೊಬ್ಬಳು ಕನ್ನಡ ನಾಡಿನಲ್ಲಿ ಚಂದಲದೇವಿ; ಕಾಶ್ಮೀರದಿಂದ ಬಂದ ಬಿಲ್ಹಣನ ಸಂಸ್ಕೃತ ಕಾವ್ಯದಲ್ಲಿ ಅವಳು ಚಂದ್ರಲೇಖೆ. ಸಂಸ್ಕೃತ ಕವಿಗೆ ಚಂದಲ ಎಂಬ ರೂಪ ಒಗ್ಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಂದು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವರು ಹೆಚ್ಚಾಗಿ ಚಂದ್ರಲೇಖೆಯ ಕಡೆಗೇ ವಾಲುತ್ತಾರೆ. ಕಲ್ಯಾಣದ ಅರಮನೆಯಲ್ಲಿ ಕೇಳುತ್ತಿದ್ದ ಹೆಸರು ಮತ್ತೊಂದು.

ಜಕ್ಕಿ ಎಂಬ ಹೆಸರು ಇಲ್ಲಿ ತುಸು ಹೆಚ್ಚಿನ ವಿವರಣೆಯನ್ನು ಬೇಡುತ್ತದೆ. ರನ್ನನ ಇಬ್ಬರು ಹೆಂಡಿರಲ್ಲಿ ಒಬ್ಬಳು ಜಕ್ಕಿ, ಇನ್ನೊಬ್ಬಳು ಶಾಂತಿ. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡದ ಆಡಳಿತವನ್ನು ವಹಿಸಿಕೊಂಡು ನಡೆಸಿ ಕೊನೆಗೆ ವ್ರತವನ್ನು ಕೈಗೊಂಡು ಬಂದಣಿಕೆಯಲ್ಲಿ ದೇಹ ಬಿಟ್ಟವಳು ಜಕ್ಕಿಯಬ್ಬೆ. ಯಕ್ಷಿ ಎಂದರೆ ಇಂದು ಹಲವರ ಮನಸ್ಸಿಗೆ ಮೊದಲು ಬರುವುದು ದಾರಿಹೋಕರನ್ನು ಮರುಳು ಮಾಡುವ ಕ್ಷುದ್ರಶಕ್ತಿ. ಜೈನರಲ್ಲಿ ಯಕ್ಷಿಯು ತೀರ್ಥಂಕರನ ಶಾಸನದೇವತೆ. ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರು ಕನ್ನಡ ನಾಡಿನಲ್ಲಿ ವಿಶೇಷವಾಗಿ ಪೂಜೆಗೊಂಡವರು. ಆ ಹಿನ್ನೆಲೆಯಲ್ಲಿ ಜಕ್ಕಿ ಎಂಬುದು ದೇವತೆಯ ಹೆಸರನ್ನು ಮಗಳಿಗೆ ಇಟ್ಟ ಸರಳ ಸಂಗತಿ. ಜಕ್ಕಯ್ಯ, ಜಕ್ಕಣ ಎಂಬ ಗಂಡುಹೆಸರುಗಳ ಬೇರೂ ಇದೇ.

ಆದರೆ ಎಲ್ಲ ಪ್ರಕೃತಿಗಳೂ ಹೀಗೆ ಒಂದು ಮೂಲವನ್ನು ತೋರಿಸಿಕೊಡುವುದಿಲ್ಲ. ಏಚ, ಪೋಚ, ಮಾಚ, ಬಾಚ, ಆಚ ಎಂಬ ಚಕಾರಾಂತ್ಯದ ಎರಡಕ್ಷರದ ಪ್ರಕೃತಿಗಳು ಹನ್ನೊಂದು ಮತ್ತು ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಎಲ್ಲೆಡೆ ಕಾಣುತ್ತವೆ. ಹೊಯ್ಸಳ ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ದಂಡನಾಯಕ ಗಂಗರಾಜನ ತಂದೆ ಏಚಿರಾಜ. 1057ರ ಬೆಳತೂರು ಶಾಸನದ ದೇಕಬ್ಬೆಯ ಗಂಡ ಏಚ. ರಾಣಿ, ಮಂತ್ರಿ ಮನೆತನದ ಯಜಮಾನ, ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ ನಾಡೊಡೆಯ: ಮೂವರಿಗೂ ಒಂದೇ ಪ್ರಕೃತಿ. ಇಂಥವನ್ನು ಮುದ್ದಿನ ಮೊಟಕು ರೂಪಗಳ ಜಾತಿಗೆ ಸೇರಿಸುವುದು ಉಚಿತ. ಇಂದಿನ ಕನ್ನಡ ಮನೆಗಳಲ್ಲಿ ಪುಟ್ಟಿ, ಚಿನ್ನಿ ಎಂಬ ಕರೆಗಳು ಹೇಗೆ ಅರ್ಥಕ್ಕಿಂತ ಅಕ್ಕರೆಯನ್ನು ಹೆಚ್ಚು ಹೊತ್ತಿವೆಯೋ ಹಾಗೆ. ಏಚಲ ಎಂಬುದಕ್ಕೆ ಸಂಸ್ಕೃತ ಮೂಲವನ್ನು ಹುಡುಕಹೊರಟವರು ಚಂಚಲ, ಅಚಲಗಳ ಬಾಗಿಲನ್ನು ತಟ್ಟಿ ಬರುತ್ತಾರೆ.

ಗಂಗರಾಜನ ತಾಯಿಯ ಹೆಸರು ಈ ಇಡೀ ವ್ಯವಸ್ಥೆಗೆ ಒಳ್ಳೆಯ ಕೀಲಿಕೈ. ಅವಳು ಶ್ರವಣಬೆಳಗೊಳದ ಶಾಸನಗಳಲ್ಲಿ ಪೋಚವ್ವೆ, ಪೋಚಿಕಬ್ಬೆ, ಪೋಚಲದೇವಿ, ಪೋಚಾಂಬಿಕೆ ಎಂದೆಲ್ಲ ಬರುತ್ತಾಳೆ. ಇವು ನಾಲ್ಕು ಹೆಸರುಗಳಲ್ಲ. ಒಂದು ಹೆಸರಿನ ನಾಲ್ಕು ಉಡುಪುಗಳು. ಪೋಚವ್ವೆ ಮನೆಮಾತಿಗೆ ಹತ್ತಿರ, ಪೋಚಿಕಬ್ಬೆ ಹಳೆಯ ಗೌರವರೂಪ, ಪೋಚಲದೇವಿ ಅರಮನೆಯ ರೂಢಿಯದು, ಪೋಚಾಂಬಿಕೆ ಸಂಸ್ಕೃತ ವೃತ್ತಕ್ಕೆ ಹೊಂದುವಂಥದು. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ, 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕನೂ ಹಾಗೆಯೇ ಆಚಲದೇವಿಯಾಗಿದ್ದಾಳೆ. ಅಬ್ಬೆ ಎಂಬುದರ ಸ್ಥಾನದಲ್ಲಿ ಅಂಬಿಕೆ ಬಂದುದು ಶಾಸನಕವಿಯ ಕೈಚಳಕ. ಎರಡರ ಅರ್ಥವೂ ತಾಯಿ ಎಂಬುದನ್ನು ಅವನು ಬಲ್ಲ. ಬಸವಣ್ಣನ ಮಡದಿಯನ್ನು ಗಂಗಾಂಬಿಕೆ ಎನ್ನುವಲ್ಲಿಯೂ ಇದೇ ರಚನೆಯಿದೆ.

ಈ ಸಾಲುಗಳನ್ನು ಹೋಲಿಸಿದಾಗ ಲ ಎಂಬ ಪ್ರತ್ಯಯದ ಸ್ವರೂಪ ಸ್ಪಷ್ಟವಾಗುತ್ತದೆ. ಪೋಚ, ಪೋಚಲ; ಆಚಿ, ಆಚಲ; ಬಮ್ಮ, ಬಮ್ಮಲ; ಏಚ, ಏಚಲ; ಇವುಗಳ ಜತೆಗೆ ಕೇತಲ, ಬಾಚಲ, ಚಟ್ಟಲ, ಪದ್ಮಲ, ಮೈಳಲ. ಪ್ರಾಕೃತ ವ್ಯಾಕರಣಗಳು ಅರ್ಥವನ್ನು ಬದಲಿಸದೆ ಸುಮ್ಮನೆ ಬಂದು ಸೇರುವ ಲ ಪ್ರತ್ಯಯವನ್ನು ಹೇಳುತ್ತವೆ. ಹೇಮಚಂದ್ರನು ವಿಜ್ಜುಲಾ, ಅಂಧಲ ಮುಂತಾದ ಉದಾಹರಣೆಗಳನ್ನು ಕೊಡುತ್ತಾನೆ. ದಖ್ಖಣದ ಹೆಣ್ಣುಹೆಸರುಗಳ ಲಕಾರವನ್ನು ಅದರ ನೆಂಟನೆಂದು ಎಣಿಸಲು ಅಡ್ಡಿಯಿಲ್ಲ. ಅಬ್ಬಲಬ್ಬೆಯ ನಡುವಿನ ಲಕಾರವೂ ಇದೇ ಇರಬೇಕು.

ಶಾಂತಲೆಯ ಹೆಸರನ್ನು ಈ ಸಾಲಿನಲ್ಲಿಟ್ಟು ಓದಬೇಕು. ಶಾಂತಲಾ ಎಂಬುದು ಕೇಳಲು ಅಚ್ಚ ಸಂಸ್ಕೃತದಂತಿದ್ದರೂ ಅದು ಶಾಂತಿ, ಶಾಂತೆಗಳಂತೆ ಸಂಸ್ಕೃತದಿಂದ ನೇರವಾಗಿ ಬಂದ ಪದವಲ್ಲ. ಬಮ್ಮಲ, ಏಚಲಗಳ ಅಚ್ಚಿನಲ್ಲಿ ಎರಕಗೊಂಡ ಕನ್ನಡ ನಾಡಿನ ರೂಪ. ಅವಳ ತಾಯಿಯ ಹೆಸರು ಮಾಚಿಕಬ್ಬೆ, ತಂದೆ ಮಾರಸಿಂಗಯ್ಯ. ತಾಯಿಯ ಹೆಸರಿನಲ್ಲಿ ಅಬ್ಬೆ, ಮಗಳ ಹೆಸರಿನಲ್ಲಿ ದೇವಿ: ಒಂದು ತಲೆಮಾರಿನ ಅಂತರದಲ್ಲಿ ಕುಟುಂಬವೊಂದು ಅರಮನೆಯನ್ನು ಸೇರಿದ ಗುರುತನ್ನು ಹೆಸರುಗಳೇ ಉಳಿಸಿಕೊಂಡಿವೆ. ಇಪ್ಪತ್ತನೆಯ ಶತಮಾನದಲ್ಲಿ ಶಾಂತಲಾ ಎಂಬ ಹೆಸರು ಕನ್ನಡ ಮನೆಗಳಿಗೆ ಮರಳಿ ಬಂದುದರಲ್ಲಿ ಕೆ.ವಿ. ಅಯ್ಯರ್ ಅವರ ಕಾದಂಬರಿಯ ಪಾಲು ದೊಡ್ಡದು. ಮಾಚಿಕಬ್ಬೆ ಮಾತ್ರ ಮರಳಲಿಲ್ಲ.

ಜೈನ ಪರಂಪರೆಯ ಇನ್ನೊಂದು ಅಂತ್ಯ, ಮತಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದ ಸುಮಾರಿನ ಸಣ್ಣ ಶಾಸನಗಳು ಸಲ್ಲೇಖನದಿಂದ ಮಡಿದ ಕಂತಿಯರ ಹೆಸರುಗಳನ್ನು ಉಳಿಸಿವೆ: ನಾಗಮತಿ, ಸಸಿಮತಿ, ಅನಂತಮತಿ. ಇವುಗಳನ್ನು ಬುದ್ಧಿ ಎಂಬ ಅರ್ಥದ ಮತಿ ಶಬ್ದದಿಂದ ವಿವರಿಸಿದರೆ ನಾಗಮತಿಯು ಹಾವಿನ ಬುದ್ಧಿಯವಳಾದಾಳು. ಶ್ರೀಮತಿ, ಬುದ್ಧಿಮತಿಗಳಲ್ಲಿರುವಂತೆ ಉಳ್ಳವಳು ಎಂಬ ಅರ್ಥದ ಪ್ರತ್ಯಯವೆಂದು ಹಿಡಿದರೆ ಬೇರೊಂದು ತೊಡಕಿದೆ. ಪಾಣಿನೀಯ ನಿಯಮದಂತೆ ಅಕಾರಾಂತ ಶಬ್ದಗಳ ಮುಂದೆ ಆ ಪ್ರತ್ಯಯದ ಮಕಾರವು ವಕಾರವಾಗಬೇಕು. ಗುಣವತಿ, ರೂಪವತಿ ಎನ್ನುತ್ತೇವೆಯೇ ಹೊರತು ಗುಣಮತಿ, ರೂಪಮತಿ ಎಂಬುದು ಆ ಅರ್ಥದಲ್ಲಿ ಸಾಧುವಲ್ಲ. ಸಸಿಮತಿ, ಅಂದರೆ ಶಶಿಮತಿ, ನಿಯಮಕ್ಕೆ ಒಳಪಡುತ್ತದೆ. ನಾಗಮತಿ, ಅನಂತಮತಿ ಒಳಪಡುವುದಿಲ್ಲ. ಹಾಗಾಗಿ ಮತಿ ಎಂಬುದು ಆ ಪರಂಪರೆಯಲ್ಲಿ ತನ್ನ ಮೂಲಾರ್ಥವನ್ನು ಕಳಚಿಕೊಂಡು ಹೆಣ್ಣುಹೆಸರಿನ ಬರಿಯ ಗುರುತಾಗಿ ನಿಂತಿತು ಎನ್ನುವುದೇ ಲೇಸು. ಕನ್ನಡದಲ್ಲಿ ಪದಾಂತ್ಯದ ದೀರ್ಘ ಈಕಾರ ಹ್ರಸ್ವವಾಗುವುದರಿಂದ ಎರಡು ಮತಿಗಳೂ ಒಂದೇ ಆಗಿ ಕೇಳಿಸಿದ್ದು ಇದಕ್ಕೆ ನೆರವಾಗಿರಬೇಕು.

ಹಳಗನ್ನಡದ ಹೆಸರು ಬೇಕೆನ್ನುವವರಿಗೆ ಅಮೃತಮತಿ ಮೋಹಕವಾಗಿ ಕಾಣುತ್ತದೆ. ಅಮೃತದಂಥ ಮನಸ್ಸಿನವಳು ಎಂದು ಅರ್ಥ ಬರೆದುಕೊಳ್ಳುವುದೂ ಸುಲಭ. ಆದರೆ ಜನ್ನನ ಯಶೋಧರ ಚರಿತೆಯ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದವಳು. ಅತ್ತೆಯ ಹೆಸರು ಚಂದ್ರಮತಿ. ಕಾವ್ಯಗಳಿಂದ ಹೆಸರನ್ನು ಎತ್ತಿಕೊಳ್ಳುವವರು ಕಾವ್ಯವನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಓದಿದ ಮೇಲೂ ಆ ಹೆಸರನ್ನೇ ಇಡಬಯಸುವ ರಸಿಕರಿದ್ದರೆ ಜನ್ನನು ಬೇಡವೆನ್ನಲಾರ.

ವಾತಾಪಿಯ ಚಾಲುಕ್ಯ ವಿಜಯಾದಿತ್ಯನ ಕಾಲದ ಮಹಾಕೂಟ ಶಾಸನವು ಇಲ್ಲಿ ಬೇರೊಂದು ದಿಕ್ಕನ್ನು ತೋರಿಸುತ್ತದೆ. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಅಲ್ಲಿ ಹಿರಣ್ಯಗರ್ಭ ದಾನವನ್ನು ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟಳು. ಶಾಸನ ಅವಳ ವಂಶವನ್ನು ಹೇಳುವುದು ಹೆಣ್ಣಿನ ಕಡೆಯಿಂದ: ಮುತ್ತವ್ವೆ ರೇವಮಂಚಳ್, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ತಾಯಿ ಮತ್ತು ಮಗಳ ಹೆಸರಿನಲ್ಲಿ ಪೋಟಿ ಎಂಬ ಉತ್ತರಾರ್ಧ ಸಮಾನವಾಗಿದ್ದು ಪೂರ್ವಾರ್ಧ ಮಾತ್ರ ಬದಲಾಗಿದೆ; ಹೆಸರು ಇಲ್ಲಿ ತಾಯಿಯಿಂದ ಮಗಳಿಗೆ ಅರ್ಧ ಬಳುವಳಿಯಾಗಿ ಬಂದಿದೆ. ಶಾಸನವು ಅವಳನ್ನು ಸೂಳೆ ಎಂದು ಕರೆಯುತ್ತದೆ. ಅದೇ ಉಸಿರಿನಲ್ಲಿ ಹೆಸರಿಗೆ ಗಳ್ ಎಂಬ ಗೌರವದ ಬಹುವಚನವನ್ನೂ ಹಚ್ಚುತ್ತದೆ. ಮುಂದೆ ಬೈಗುಳವಾಗಿ ಇಳಿದ ಪದಕ್ಕೆ ಎಂಟನೆಯ ಶತಮಾನದಲ್ಲಿ ಈ ಗೌರವ ಸಂದುದು ಶಬ್ದಾರ್ಥದ ಚರಿತ್ರೆ ಬರೆಯುವವರು ಮರೆಯಬಾರದ ಸಂಗತಿ. ವಿನಾ ಎಂಬುದನ್ನು ವೀಣಾ ಎಂದು ತಿದ್ದಿ ಓದುವ ಆಸೆಗೆ ಶಾಸನದಲ್ಲಿ ಎಡೆಯಿಲ್ಲ.

ಹೆಸರಿನ ಇಳಿತಾಯದ ಕಥೆಗೆ ಗುಂಡಮಬ್ಬೆಯಷ್ಟು ಒಳ್ಳೆಯ ಸಾಕ್ಷಿ ಬೇರಿಲ್ಲ. ಗಂಡ ನಾಗದೇವ ಮಡಿದಾಗ ಅವನೊಡನೆ ಚಿತೆಯೇರಿದ ಅವಳನ್ನು ರನ್ನ ಭಕ್ತಿಯಿಂದ ನೆನೆದಿದ್ದಾನೆ. ಅದೇ ಗುಂಡ ಎಂಬ ಪ್ರಕೃತಿಗೆ ಅಮ್ಮ ಸೇರಿದ ರೂಪ ಇಂದು ನಾಟಕ, ಸಿನಿಮಾಗಳಲ್ಲಿ ದಪ್ಪಗಿನ ಜಗಳಗಂಟಿಯ ಹೆಸರು. ಗಂಡುರೂಪವಾದ ಗುಂಡಪ್ಪನಿಗೆ ಈ ಗತಿ ಬರಲಿಲ್ಲ, ಡಿ.ವಿ.ಜಿ.ಯವರ ಹೆಸರನ್ನು ಕೇಳಿ ಯಾರೂ ನಗುವುದಿಲ್ಲ. ಪ್ರಕೃತಿ ಒಂದೇ, ಭಾಷೆ ಒಂದೇ. ನಗೆಪಾಟಲಿಗೆ ಗುರಿಯಾದದ್ದು ಹೆಣ್ಣುರೂಪ ಮಾತ್ರ. ಸಾಕಮ್ಮ ಎಂಬ ಹೆಸರಿನ ಪಾಡು ಇನ್ನೂ ಸೂಕ್ಷ್ಮ. ಸಾಕು ಎಂಬುದಕ್ಕೆ ಪೋಷಿಸು ಎಂಬ ಅರ್ಥವೂ ಇದೆ, ಇನ್ನು ಬೇಡ ಎಂಬ ಅರ್ಥವೂ ಇದೆ. ಹೆಣ್ಣುಮಕ್ಕಳ ಸರಣಿ ನಿಲ್ಲಲಿ ಎಂಬ ಹರಕೆಯಿಂದ ಈ ಹೆಸರಿಟ್ಟ ಮನೆಗಳಿವೆ. ಬದುಕುಳಿಯಲೆಂದು, ಅಕ್ಕರೆಯಿಂದ ಸಾಕಿದ ಮಗುವೆಂದು ಇಟ್ಟ ಮನೆಗಳೂ ಇವೆ. ತಿಪ್ಪಮ್ಮ, ಹುಚ್ಚಮ್ಮ, ಕಲ್ಲವ್ವಗಳಂತೆ ಸಾವಿನ ಕಣ್ಣನ್ನು ತಪ್ಪಿಸಲು ಇಟ್ಟ ಹೆಸರುಗಳ ಲೋಕಕ್ಕೆ ಇದು ಸೇರಿದ್ದು. ಅಪರೂಪದ ಹೆಸರುಗಳ ಯಾವ ಸಂಗ್ರಹವೂ ಇವುಗಳನ್ನು ಸೇರಿಸಿಕೊಳ್ಳುವುದಿಲ್ಲ, ಇಂದು ಇವು ನಿಜಕ್ಕೂ ಅಪರೂಪವಾಗಿದ್ದರೂ.

ಪ್ರಕೃತಿಗೆ ಲಿಂಗವಿಲ್ಲ ಎಂಬ ಮಾತಿಗೆ ಹೊರನಾಡಿನಲ್ಲಿ ಅನಿರೀಕ್ಷಿತವಾದ ಮಹತ್ತ್ವವೊಂದು ಬಂದಿದೆ. ಮಗುವಿನ ಹೆಸರಿನಿಂದಲೇ ಅದು ಗಂಡೋ ಹೆಣ್ಣೋ ತಿಳಿಯಬೇಕೆಂದು ಜರ್ಮನಿಯ ನೋಂದಣಿ ಅಧಿಕಾರಿಗಳು ಬಹುಕಾಲ ಒತ್ತಾಯಿಸುತ್ತಿದ್ದರು. ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ ಕಿರಣ ಎಂಬ ಹೆಸರನ್ನು ಹಿಂದಿಯ ಉಚ್ಚಾರಣೆಯಂತೆ ಇಟ್ಟಾಗ ಹುಟ್ಟಿದ ವ್ಯಾಜ್ಯ ಅಲ್ಲಿನ ಸಂವಿಧಾನ ನ್ಯಾಯಾಲಯವನ್ನು ಮುಟ್ಟಿತು. ಲಿಂಗವನ್ನು ಸೂಚಿಸದ ಹೆಸರನ್ನೂ ಇಡಬಹುದೆಂದು 2008ರ ಡಿಸೆಂಬರಿನಲ್ಲಿ ತೀರ್ಪಾಯಿತು. ಸಂಸ್ಕೃತದಲ್ಲಿ ಕಿರಣ ಪುಲ್ಲಿಂಗ, ಕನ್ನಡದಲ್ಲಿ ವಸ್ತುವಾಚಿಯಾಗಿ ನಪುಂಸಕ, ಹೆಸರಾಗಿ ಇಬ್ಬರಿಗೂ ಸಲ್ಲುತ್ತದೆ. ಏಚ ಎಂಬ ಬರಿಯ ಪ್ರಕೃತಿಯನ್ನು ಒಯ್ದಿದ್ದರೂ ಅದೇ ಪ್ರಶ್ನೆ ಏಳುತ್ತಿತ್ತು. ಏಚಿಯಬ್ಬೆ ಎಂದಿದ್ದರೆ ಏಳಬೇಕಾಗಿರಲಿಲ್ಲ, ಅಬ್ಬೆ ಎಂದರೇನೆಂದು ಅಧಿಕಾರಿಗೆ ತಿಳಿಹೇಳುವ ಕೆಲಸ ಮಾತ್ರ ಉಳಿಯುತ್ತಿತ್ತು. ರೋಮನ್ ಲಿಪಿಯಲ್ಲಿ ಬರೆದಾಗ ದುಗ್ಗಳೆಯ ಳಕಾರವೂ ಶಾಂತಲೆಯ ಲಕಾರವೂ ಒಂದಾಗುತ್ತವೆ. ಮೈಳಲದೇವಿಯ ಹೆಸರಿನಲ್ಲಿ ಅವೆರಡೂ ಅಕ್ಕಪಕ್ಕದಲ್ಲಿಯೇ ಇದ್ದು ಎರಡೂ ಒಂದೇ ಅಕ್ಷರವಾಗುತ್ತವೆ. ಅಧಿಕೃತ ದಾಖಲೆಯಲ್ಲಿ ಇದಕ್ಕೆ ಪರಿಹಾರವಿಲ್ಲ. ಮನೆಯಲ್ಲಿ ಕನ್ನಡ ಅಕ್ಷರಗಳಲ್ಲಿ ಒಂದು ಕಡೆ ಬರೆದಿಡುವುದಷ್ಟೇ ಸಾಧ್ಯ.

ಕವಿಗಳಾದರೂ ಮಕ್ಕಳಿಗೆ ಅರ್ಥ ನೋಡಿ ಹೆಸರಿಟ್ಟರೇ? ರನ್ನನ ವಿಷಯದಲ್ಲಿ ಉತ್ತರ ಖಚಿತವಾಗಿದೆ. ಬಳೆಗಾರರ ಮನೆಯಲ್ಲಿ ಹುಟ್ಟಿ ಓದಿನ ಹಂಬಲದಿಂದ ಊರು ಬಿಟ್ಟವನು, ಶಬ್ದಗಳ ಮೇಲೆ ತನಗಿದ್ದ ಒಡೆತನವನ್ನು ಎಂದೂ ಸಂಕೋಚದಿಂದ ಹೇಳಿಕೊಂಡವನಲ್ಲ. ಬೇಕೆಂದಿದ್ದರೆ ಸಂಸ್ಕೃತದಿಂದಲೋ ದೇಸಿಯಿಂದಲೋ ಎಂಥ ಬೆಡಗಿನ ಹೆಸರನ್ನಾದರೂ ಕಟ್ಟಬಲ್ಲವನಾಗಿದ್ದ. ಅವನು ಮಗನನ್ನು ರಾಯ ಎಂದು ಕರೆದ, ತನಗೆ ಮೊದಲು ಆಸರೆಯಾದ ಚಾವುಂಡರಾಯನ ನೆನಪಿಗೆ. ಮಗಳನ್ನು ಅತ್ತಿಮಬ್ಬೆ ಎಂದು ಕರೆದ.